ಒಳಗಿಣ್ಣಿನ ಮುಂದಿನ ರಕ್ತನಾಳ: ಮಂಡ್ಯ ಸೀಮೆಯ ತುರ್ತು ಚಿಕಿತ್ಸೆಗೆ ಒಂದು ಟಿಪ್ಪಣಿ

ರಕ್ತದೊತ್ತಡ ಕುಸಿದು ಶಾಕ್‌ಗೆ ಹೋದ ರೋಗಿಯ ಕೈಯಲ್ಲಿ ಅಭಿಧಮನಿಗಳು ಕುಗ್ಗಿ, ಕಣ್ಣಿಗೂ ಬೆರಳಿಗೂ ಸಿಗದೆ ಹೋಗುತ್ತವೆ. ಆಗಲೂ ನೆಲೆ ತಪ್ಪದ ನಾಳವೊಂದು ಕಾಲಿನಲ್ಲಿದೆ. ಅದು ಮಹಾ ಸಫೀನಸ್. ಪಾದದ ಮೇಲಿನ ಕಮಾನಿನ ಒಳತುದಿಯಲ್ಲಿ ಹುಟ್ಟಿ, ಒಳಗಿಣ್ಣಿನ ಮುಂದೆ ಹಾದು, ಮೊಣಕಾಲಿನ ಒಳಹಿಂಬದಿಯಿಂದ ಏರಿ, ತೊಡೆಸಂದಿನಲ್ಲಿ ಫೆಮೊರಲ್ ಅಭಿಧಮನಿಯನ್ನು ಸೇರುತ್ತದೆ. ಗಿಣ್ಣಿನಿಂದ ಸುಮಾರು 2 ಸೆಂ.ಮೀ. ಮುಂದೆ, ಅಷ್ಟೇ ಮೇಲೆ, ಚರ್ಮವನ್ನು ಅಡ್ಡಲಾಗಿ ಕೊಯ್ದರೆ ಎದುರಾಗುತ್ತದೆ. ಇದೇ ಕಟ್‌ಡೌನ್. ಮಗ್ಗುಲಲ್ಲೇ ಸಫೀನಸ್ ನರವೂ ಇಳಿಯುತ್ತದೆ. ನಾಳಕ್ಕೆ ಕಟ್ಟುವ ದಾರದ ಕುಣಿಕೆಗೆ ಆ ನರ ಸಿಕ್ಕರೆ ಪಾದದ ಒಳಅಂಚು ಮರಗಟ್ಟುತ್ತದೆ. ಕವಾಟಗಳು ಮೇಲ್ಮುಖವಾಗಿ ತೆರೆಯುವುದರಿಂದ ಕ್ಯಾನ್ಯುಲಾದ ತುದಿ ಹೃದಯದ ಕಡೆಗಿರಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಇಷ್ಟು ತಿಳಿದರೆ ಸಾಲದು. ರೋಗಿ ಗದ್ದೆಯಿಂದ ಬಂದನೋ ರಸ್ತೆಯಿಂದ ಬಂದನೋ ಎಂದು ಕೇಳದೆ ಈ ನಾಳಕ್ಕೆ ಕೈ ಹಾಕಬಾರದು ಎಂಬುದು ನನ್ನ ವಾದ.

ನಾಲೆ ನೀರಿನ ಭತ್ತ, ಕಬ್ಬಿನ ಗದ್ದೆಗಳಲ್ಲಿ ಹಾವು ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಗಿಣ್ಣಿಗೆ, ಮೀನಖಂಡಕ್ಕೆ. ಅಂದರೆ ನಾವು ನಾಳ ಹುಡುಕುವ ಜಾಗಕ್ಕೇ. ಊದಿ ಬಿಗಿದ ಕಾಲಿನ ಮೇಲೆ ಎಷ್ಟೋ ಸಲ ಟವೆಲ್ಲನ್ನೂ ಬಿಗಿದು ರೋಗಿಯನ್ನು ತಂದಿರುತ್ತಾರೆ. ಆ ಕಾಲಿಗೆ ಸೂಜಿ ಚುಚ್ಚಬಾರದು. ಕಚ್ಚಿದ್ದು ಕೊಳಕುಮಂಡಲವಾದರೆ ಇನ್ನೊಂದು ಕಾಲಿನಲ್ಲೂ ಕಟ್‌ಡೌನ್ ಅಪಾಯವೇ. ರಕ್ತ ಹೆಪ್ಪುಗಟ್ಟದೆ, ಕೊಯ್ದ ಜಾಗ ಒಸರುತ್ತಲೇ ಇರುತ್ತದೆ. ಒಣಗಿದ, ಶುದ್ಧವಾದ ಗಾಜಿನ ಕೊಳವೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಪ್ರತಿವಿಷ ರಕ್ತನಾಳದ ಮೂಲಕವೇ ಹೋಗಬೇಕು. ರಕ್ತ ಒಸರಿದರೆ ಒತ್ತಿ ಹಿಡಿಯಲು ಬರುವ ಕೈಯ ನಾಳವೇ ಅದಕ್ಕೆ ಮೊದಲ ಆಯ್ಕೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಗಾಯಾಳುವಿನ ಲೆಕ್ಕ ಬೇರೆ. ಸೊಂಟದ ಮೂಳೆ ಮುರಿದಿದ್ದರೆ ಅಥವಾ ಹೊಟ್ಟೆಯೊಳಗೆ ದೊಡ್ಡ ಅಭಿಧಮನಿ ಹರಿದಿದ್ದರೆ, ಕಾಲಿನಿಂದ ಕೊಟ್ಟ ರಕ್ತ ಹೃದಯ ತಲುಪುವ ಮೊದಲೇ ಸೋರಿಹೋಗಬಹುದು. ಅಂಥವರಿಗೆ ಕೈಯಲ್ಲೇ ಎರಡು ದಪ್ಪನೆಯ, ಗಿಡ್ಡ ಕ್ಯಾನ್ಯುಲಾ ಬೇಕು.

ವಾಂತಿಭೇದಿಯಿಂದ ಬತ್ತಿದ ಮಗುವಿನಲ್ಲಿ ಮಾತ್ರ ಸಫೀನಸ್ ನಿಜಕ್ಕೂ ಆಪದ್ಬಂಧು. ಗಿಣ್ಣಿನ ಮುಂದೆ ಕೊಯ್ಯದೆ, ಚರ್ಮದ ಮೇಲಿಂದಲೇ ಕ್ಯಾನ್ಯುಲಾ ಹಾಕಬಹುದು. ಸಿಗದಿದ್ದರೆ ಹೊತ್ತು ಕಳೆಯದೆ, ಮೊಣಕಾಲ ಕೆಳಗಿನ ಉಬ್ಬಿನಿಂದ 1–2 ಸೆಂ.ಮೀ. ಕೆಳಗೆ, ಟಿಬಿಯಾ ಮೂಳೆಯ ಒಳಮಗ್ಗುಲ ಸಪಾಟು ಜಾಗದಲ್ಲಿ ಮಜ್ಜೆಗೆ ಸೂಜಿ ಇಳಿಸಬೇಕು. ಕಟ್‌ಡೌನ್ ಇವೆಲ್ಲ ಕೈಕೊಟ್ಟ ಮೇಲೆ.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಪ್ರಕರಣವೆಂದು ಘೋಷಿಸಿ, ವರದಿಯನ್ನು ಕಡ್ಡಾಯ ಮಾಡಿದೆ. ಮದ್ದೂರು, ಮಳವಳ್ಳಿಯಿಂದ ಮಂಡ್ಯಕ್ಕೆ ಕಳಿಸುವ ಚೀಟಿಯಲ್ಲಿ ಕಚ್ಚಿದ್ದು ಯಾವ ಕಾಲಿಗೆ, ಲೈನ್ ಹಾಕಿದ್ದು ಎಲ್ಲಿಗೆ, ಎಷ್ಟನೇ ಪ್ರಯತ್ನಕ್ಕೆ ಸಿಕ್ಕಿತು ಎಂಬ ಒಂದು ಸಾಲನ್ನೂ ಬರೆಯಲಿ. ಈ ವಾದವನ್ನು ಒರೆಗೆ ಹಚ್ಚಲು ಬೇಕಾದದ್ದು ಅದೇ ದಾಖಲೆ.