ಪ್ರೆಸ್ಟನ್: ಫುಟ್‌ಬಾಲಿಗೆ ಸಂಬಳ ತಂದ ಊರು

ಇಂಗ್ಲೆಂಡಿನ ಫುಟ್‌ಬಾಲ್ ಎಂದೊಡನೆ ನಮಗೆ ನೆನಪಾಗುವುದು ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್. ಆದರೆ ಅಲ್ಲಿನ ಮೊಟ್ಟಮೊದಲ ಲೀಗ್ ಗೆದ್ದದ್ದು ಲ್ಯಾಂಕಶೈರ್‌ನ ಹತ್ತಿ ಗಿರಣಿಗಳ ಊರಿನ ತಂಡ, ಪ್ರೆಸ್ಟನ್ ನಾರ್ತ್ ಎಂಡ್. ಆಟಗಾರನ ಬೆವರಿಗೆ ಬೆಲೆ ಕಟ್ಟುವವರು ಯಾರು ಎಂಬ ಜಗಳ ಈ ಕ್ಲಬ್ಬಿನ ಚರಿತ್ರೆಯುದ್ದಕ್ಕೂ ಇದೆ.

ಕ್ರಿಕೆಟ್ ಆಡುತ್ತಿದ್ದ ಈ ಕ್ಲಬ್ 1880ರಲ್ಲಿ ಫುಟ್‌ಬಾಲಿಗೆ ಹೊರಳಿತು. ಅದನ್ನು ಬೆಳೆಸಿದವನು ಗಿರಣಿಯೊಂದರ ವ್ಯವಸ್ಥಾಪಕ ವಿಲಿಯಂ ಸುಡೆಲ್. ಸ್ಕಾಟ್ಲೆಂಡಿನಿಂದ ಒಳ್ಳೆಯ ಆಟಗಾರರನ್ನು ಕರೆತಂದು, ಊರಿನಲ್ಲಿ ಕೆಲಸ ಕೊಡಿಸಿ, ಕೈಗೆ ದುಡ್ಡನ್ನೂ ಕೊಡುತ್ತಿದ್ದ. ಆಗ ಆಡಲು ಹಣ ಪಡೆಯುವುದು ನಿಯಮಕ್ಕೆ ವಿರುದ್ಧ. ಆಟ ಆಟಕ್ಕಾಗಿಯೇ ಇರಬೇಕು ಎಂಬುದು ದೊಡ್ಡ ಶಾಲೆಗಳಲ್ಲಿ ಓದಿದ ಉಳ್ಳವರ ವಾದ. ಆದರೆ ದೂರದ ಊರಿಗೆ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಕಳೆದುಕೊಳ್ಳುತ್ತಿದ್ದ ಗಿರಣಿ ಕಾರ್ಮಿಕನಿಗೆ ಆ ಮಾತು ಹೊಟ್ಟೆ ತುಂಬಿಸುತ್ತಿರಲಿಲ್ಲ.

1884ರ ಜನವರಿಯಲ್ಲಿ ಎಫ್.ಎ. ಕಪ್ ಪಂದ್ಯದ ನಂತರ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ದೂರು ಕೊಟ್ಟಿತು. ಸುಡೆಲ್ ಮುಚ್ಚುಮರೆ ಮಾಡದೆ ಹಣ ಕೊಟ್ಟದ್ದನ್ನು ಒಪ್ಪಿಕೊಂಡ. ಪ್ರೆಸ್ಟನ್ ಕಪ್‌ನಿಂದ ಹೊರಬಿತ್ತು. ಉತ್ತರದ ಕ್ಲಬ್ಬುಗಳು ಬೇರೆ ಸಂಘವನ್ನೇ ಕಟ್ಟುತ್ತೇವೆಂದು ಬೆದರಿಕೆ ಹಾಕಿದವು. 1885ರ ಜುಲೈನಲ್ಲಿ ಫುಟ್‌ಬಾಲ್ ಸಂಘ ಮಣಿಯಿತು, ವೃತ್ತಿಪರ ಆಟ ಕಾನೂನುಬದ್ಧವಾಯಿತು.

ಫಲ ಬೇಗನೆ ಬಂತು. 1887ರಲ್ಲಿ ಹೈಡ್ ತಂಡವನ್ನು ಪ್ರೆಸ್ಟನ್ 26-0 ಗೋಲುಗಳಿಂದ ಸೋಲಿಸಿತು. 1888-89ರಲ್ಲಿ 12 ಕ್ಲಬ್ಬುಗಳ ಮೊದಲ ಲೀಗ್ ನಡೆದಾಗ 22 ಪಂದ್ಯಗಳಲ್ಲಿ 18 ಗೆದ್ದು, 4 ಡ್ರಾ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲ. ಜಾನ್ ಗುಡಾಲ್, ಜಿಮ್ಮಿ ರಾಸ್ ಗೋಲು ಸುರಿಸಿದರು. ಅದೇ ವರ್ಷ ಒಂದೂ ಗೋಲು ಬಿಟ್ಟುಕೊಡದೆ ಎಫ್.ಎ. ಕಪ್ ಕೂಡ ಗೆದ್ದರು. ಜನ ಅವರನ್ನು 'ಅಜೇಯರು' ಎಂದರು. ಅಗ್ರ ಲೀಗ್‌ನಲ್ಲಿ ಪೂರ್ತಿ ಋತು ಸೋಲದ ಇನ್ನೊಂದು ತಂಡ ಕಾಣಲು 2003-04ರ ಆರ್ಸೆನಲ್‌ವರೆಗೆ ಕಾಯಬೇಕಾಯಿತು.

1890ರಲ್ಲಿ ಮತ್ತೊಮ್ಮೆ ಲೀಗ್ ಗೆದ್ದರು. ಅದೇ ಕೊನೆ. 1895ರಲ್ಲಿ ಗಿರಣಿಯ ಹಣ ದುರುಪಯೋಗ ಮಾಡಿದ್ದಕ್ಕೆ ಸುಡೆಲ್‌ಗೆ ಮೂರು ವರ್ಷ ಜೈಲಾಯಿತು.

ಇತ್ತ ಸಂಬಳ ಕಾನೂನುಬದ್ಧವಾದರೂ ಅದಕ್ಕೆ ಕಡಿವಾಣ ಬಿತ್ತು. 1901ರಲ್ಲಿ ವಾರಕ್ಕೆ 4 ಪೌಂಡ್ ಎಂಬ ಮಿತಿ ಬಂತು. ಆಮೇಲೆ ಮೊತ್ತ ಏರುತ್ತಾ ಹೋಯಿತು, ಮಿತಿ ಮಾತ್ರ ಹೋಗಲಿಲ್ಲ. ಕ್ಲಬ್ ಒಪ್ಪದೆ ಆಟಗಾರ ಬೇರೆಡೆ ಹೋಗುವಂತೆಯೂ ಇರಲಿಲ್ಲ.

ಈ ಕಟ್ಟಿಗೆ ಸಿಕ್ಕವರಲ್ಲಿ ದೊಡ್ಡವನು ಟಾಮ್ ಫಿನ್ನಿ. 1922ರಲ್ಲಿ ಪ್ರೆಸ್ಟನ್‌ನಲ್ಲೇ ಹುಟ್ಟಿದವನು. ಮೊದಲು ಕಸುಬು ಕಲಿ ಎಂದು ಅಪ್ಪ ಹಠ ಹಿಡಿದದ್ದರಿಂದ ಪ್ಲಂಬರ್ ಕೆಲಸ ಕಲಿತ. ಇಂಗ್ಲೆಂಡ್ ಪರ 76 ಪಂದ್ಯಗಳಲ್ಲಿ 30 ಗೋಲು ಹೊಡೆದ ಮೇಲೂ ಆ ಕಸುಬು ಬಿಡಲಿಲ್ಲ. ಪ್ರೆಸ್ಟನ್‌ನಲ್ಲಿ ಅವನ ಜೊತೆ ಆಡಿದ ಬಿಲ್ ಶಾಂಕ್ಲಿ, ಮುಂದೆ ಲಿವರ್‌ಪೂಲ್ ತಂಡವನ್ನು ಕಟ್ಟಿದ ಮೇಲೂ ಫಿನ್ನಿಯನ್ನು ಹೊಗಳುತ್ತಲೇ ಇದ್ದ.

1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಫಿನ್ನಿಗೆ 10,000 ಪೌಂಡ್ ಮುಂಗಡ, ತಿಂಗಳಿಗೆ 130 ಪೌಂಡ್ ಸಂಬಳ, ಮನೆ, ಕಾರು ಕೊಡಲು ಬಂತು. ಆಗ ಇಂಗ್ಲೆಂಡಿನಲ್ಲಿ ಮಿತಿ ವಾರಕ್ಕೆ 14 ಪೌಂಡ್. ಪ್ರೆಸ್ಟನ್ ಆಡಳಿತ ಒಪ್ಪಲಿಲ್ಲ. ಒಂದು ಕಾಲಕ್ಕೆ ಸಂಬಳದ ಹಕ್ಕಿಗಾಗಿ ಕಪ್‌ನಿಂದ ಹೊರಬಿದ್ದಿದ್ದ ಅದೇ ಕ್ಲಬ್ ಇದು. ಫಿನ್ನಿ ಊರಲ್ಲೇ ಉಳಿದ. 1953ರಲ್ಲಿ ಲೀಗ್ ಪಟ್ಟ ಗೋಲು ಸರಾಸರಿಯಲ್ಲಿ ಕೈತಪ್ಪಿತು, ಮರುವರ್ಷ ಕಪ್ ಫೈನಲ್ ಸೋತರು.

1960ರಲ್ಲಿ ಅವನು ನಿವೃತ್ತನಾದ. 1961ರ ಜನವರಿಯಲ್ಲಿ ಆಟಗಾರರು ಮುಷ್ಕರಕ್ಕೆ ಸಜ್ಜಾದಾಗ ಸಂಬಳದ ಮಿತಿ ರದ್ದಾಯಿತು. ಅದೇ ವರ್ಷ ಫುಲಂನ ಜಾನಿ ಹೇಯ್ನ್ಸ್ ವಾರಕ್ಕೆ 100 ಪೌಂಡ್ ಪಡೆದ. ಅದೇ ವರ್ಷವೇ ಪ್ರೆಸ್ಟನ್ ಎರಡನೇ ದರ್ಜೆಗೆ ಇಳಿಯಿತು. ದೊಡ್ಡ ಹಣದ ಆಟ ಶುರುವಾಗುವ ಹೊತ್ತಿಗೆ, ಅದಕ್ಕೆ ಬಾಗಿಲು ತೆರೆದವರೇ ಹೊರಗಿದ್ದರು. ಅಗ್ರ ಲೀಗ್‌ಗೆ ಅವರು ಇನ್ನೂ ಮರಳಿಲ್ಲ.