ಚರ್ಮದ ಚೆಂಡು, ಪಾಲಾರ್‌ನ ನೀರು

ಹೆಜಮಾಡಿಯಿಂದ ಕಾಪುವಿನವರೆಗೆ ಕರಾವಳಿಯ ಬಯಲುಗಳಲ್ಲಿ ಹುಡುಗರು ಹೆಚ್ಚಾಗಿ ಆಡುವುದು ಟೆನಿಸ್ ಚೆಂಡಿನ ಕ್ರಿಕೆಟ್. ಚರ್ಮದ ಚೆಂಡು ದುಬಾರಿ. ಜೊತೆಗೆ ಪ್ಯಾಡು, ಗ್ಲೌಸು ಬೇಕು. ಆದರೆ ಚರ್ಮದ ನಿಜವಾದ ಬೆಲೆ ಅಂಗಡಿಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಪಾಲಾರ್ ನದಿಯ ಚರಿತ್ರೆಯನ್ನು ನೋಡಬೇಕು.

ಹಿಂದೆ ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳಿಂದ ವಾರಗಟ್ಟಲೆ ಚರ್ಮ ಹದಮಾಡುತ್ತಿದ್ದರು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಕ್ರೋಮಿಯಂ ವಿಧಾನ ಬಂದು, ವಾರಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಮದರಾಸಿನಲ್ಲಿ ಅದರ ಪ್ರಯೋಗ ನಡೆಸಿದ ಆಲ್‌ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರೂ ಆದರು. ಇಂದು ಬೂಟಿನ ಚರ್ಮ ಬಹುಪಾಲು ಕ್ರೋಮಿಯಂ ಹದದ್ದು. ಕ್ರಿಕೆಟ್ ಚೆಂಡಿನದು ಸಾಮಾನ್ಯವಾಗಿ ಪಟಿಕದ ಹದ.

ಪಾಲಾರ್ ಹುಟ್ಟುವುದು ಕರ್ನಾಟಕದಲ್ಲಿ. ಕೋಲಾರ ಜಿಲ್ಲೆಯನ್ನು ದಾಟಿ ಅದು ವಾಣಿಯಂಬಾಡಿ, ಆಂಬೂರುಗಳತ್ತ ಹರಿಯುತ್ತದೆ. ಅಲ್ಲಿ ಚರ್ಮೋದ್ಯಮ ಕಟ್ಟಿದವರಲ್ಲಿ ಮುಸ್ಲಿಮ್ ವರ್ತಕರು ಪ್ರಮುಖರು. ಆ ದುಡಿಮೆ ಸಾವಿರಾರು ಮನೆಗಳಿಗೆ ಅನ್ನ ನೀಡಿತು, ವಿದ್ಯಾಸಂಸ್ಥೆಗಳನ್ನೂ ಬೆಳೆಸಿತು. ಆದರೆ ಬಾವಿಗಳು ಕೆಟ್ಟವು. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಎರಡು ಲೆಕ್ಕಗಳನ್ನು ದಾಖಲಿಸಿತು: ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ಣವಾಗಿಯೋ ಭಾಗಶಃವೋ ಬೇಸಾಯಕ್ಕೆ ಬಾರದಂತಾಗಿತ್ತು, ಒಂದು ಕಿಲೋ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬಳಕೆಯಾಗುತ್ತಿತ್ತು. ಮಾಲಿನ್ಯ ಮಾಡಿದವರೇ ನಷ್ಟ ತೆರಬೇಕೆಂದು ಕೋರ್ಟ್ ಹೇಳಿತು.

ಹಾಗಾದರೆ ಚರ್ಮವನ್ನೇ ಬಿಡೋಣವೇ? ಫುಟ್‌ಬಾಲ್ ಬಿಟ್ಟಿತು, 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬಳಸಿದ 'ಆಜ್ಟೆಕಾ' ಆ ಕೂಟದ ಮೊದಲ ಪೂರ್ಣ ಕೃತಕ ಚೆಂಡು. ಆದರೆ ಪಾಲಿಯುರೆಥೇನ್, ಪಿವಿಸಿಗಳ ಮೂಲ ಬಹುಮಟ್ಟಿಗೆ ಪೆಟ್ರೋಲಿಯಂ. ಅವು ಬೇಗ ಮಣ್ಣಾಗುವುದಿಲ್ಲ. ಬಿಸಾಡಿದರೆ ಶಾಂಭವಿಯಂತಹ ಹೊಳೆಯ ಮೂಲಕ ಕಡಲು ಸೇರುತ್ತವೆ. ಇತ್ತ ಮಾಂಸದ ಜೊತೆ ಬರುವ ಚರ್ಮ ಬಳಕೆಯಾಗದಿದ್ದರೆ ಕೊಳೆಯುತ್ತದೆ. ಮದ್ರಸ, ಅನಾಥಾಲಯಗಳಿಗೆ ಆದಾಯವಾಗಿದ್ದ ಕುರ್ಬಾನಿ ಚರ್ಮದ ಬೆಲೆ 2010ರ ದಶಕದಲ್ಲಿ ಕುಸಿದಾಗ ಇದು ಅನುಭವಕ್ಕೆ ಬಂತು.

ಸತ್ತ ಆಡಿನ ಚರ್ಮವನ್ನು ಹದಮಾಡಿ ಏಕೆ ಬಳಸಲಿಲ್ಲ ಎಂದು ಪ್ರವಾದಿ(ಸ) ಕೇಳಿದ್ದು ಹದೀಸ್‌ಗಳಲ್ಲಿದೆ. ವಸ್ತು ವ್ಯರ್ಥವಾಗಬಾರದೆಂಬ ಆ ಕಾಳಜಿ ನೀರಿಗೂ ಸಲ್ಲಬೇಕು. ಸಸ್ಯಹದ, ಕ್ರೋಮಿಯಂ ಮರುಬಳಕೆ, ತ್ಯಾಜ್ಯನೀರಿನ ಶುದ್ಧೀಕರಣ ಇವು ಉದ್ಯಮದ ಹೊಣೆ. ಹರಿದ ಗ್ಲೌಸು ಹೊಲಿಸಿಕೊಂಡು ಇನ್ನೊಂದು ವರ್ಷ ಆಡುವುದು ನಮ್ಮ ಹೊಣೆ. ನಮ್ಮ ಆಟಕ್ಕೆ ಇನ್ನೊಬ್ಬರ ಬಾವಿ ಬೆಲೆ ತೆರಬಾರದು.