ಶಿವಭೂತಿ ಮುನಿಯನ್ನು ಉಳಿಸಿಕೊಂಡ ಸಂಘ

ಕಡೂರಿನಲ್ಲಿ ದೊರೆತ ಕ್ರಿ.ಶ. 971ರ ಸ್ತಂಭಶಾಸನವು ಜೈನ ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆಯು ಅರಮನೆಯ ಸುಖವನ್ನು ತೊರೆದು, ಕೇಶಲೋಚ ಮಾಡಿಕೊಂಡು, 30 ವರ್ಷಗಳ ಕಾಲ ತಪವನ್ನಾಚರಿಸಿ ಸ್ವರ್ಗಸ್ಥಳಾದಳೆಂದು ಅದು ಸಾರುತ್ತದೆ. ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಗೇ ಮೀಸಲಾದುದು. ಇಂದು ಚಿಕ್ಕಮಗಳೂರು ಜಿಲ್ಲೆ ಎನಿಸಿಕೊಂಡಿರುವ ಈ ನಾಡಿನ ಅರಸರು, ಆಚಾರ್ಯರು, ದಂಡನಾಯಕರು, ದಾನಿಗಳು ಆ ಸಂಪುಟದ ಪುಟಪುಟಗಳಲ್ಲಿ ನಮಗೆ ಎದುರಾಗುತ್ತಾರೆ.

ಆದರೆ ಕಲ್ಲಿನಲ್ಲಿ ಹೆಸರು ಬರೆಯಿಸಿಕೊಳ್ಳಲಾಗದವರು ಪ್ರತಿಯೊಂದು ಕಾಲದಲ್ಲಿಯೂ ಇದ್ದರು. ಹತ್ತು ವರ್ಷ ತುಂಬಿದರೂ ಹತ್ತರವರೆಗೆ ಎಣಿಸಲು ಬಾರದ ಮಗು, ಮೂವತ್ತು ತುಂಬಿದರೂ ತಾಯಿಯ ಸೆರಗು ಬಿಡದ ಮಗ, ಹೇಳಿದ ಮಾತು ಅರ್ಥವಾಗಲು ಹೊತ್ತು ಹಿಡಿಯುವ ಮಗಳು ಗಂಗರ ಕಾಲದಲ್ಲಿಯೂ ಇದ್ದಿರಬೇಕು, ಹೊಯ್ಸಳರ ಕಾಲದಲ್ಲಿಯೂ ಇದ್ದಿರಬೇಕು. ಅವರ ವಿಷಯದಲ್ಲಿ ಶಾಸನಗಳು ಮೌನವಾಗಿವೆ. ಶಾಸ್ತ್ರವು ಮಾತ್ರ ಮೌನವಾಗಿಲ್ಲ. ಅಂತಹ ಒಬ್ಬನ ಹೆಸರನ್ನು ಅದು ಉಳಿಸಿಕೊಂಡು ಬಂದಿದೆ. ಅಷ್ಟೇ ಅಲ್ಲ, ಕೇವಲಜ್ಞಾನಿಗಳ ಸಾಲಿನಲ್ಲಿ ಅವನನ್ನು ಕುಳ್ಳಿರಿಸಿದೆ.

ಆತನೇ ಶಿವಭೂತಿ ಮುನಿ. ತೀರ್ಥಹಳ್ಳಿಯ ಬಳಿಯ ಕುಂದಾದ್ರಿಯೊಡನೆ ಪರಂಪರೆಯು ಯಾರ ಹೆಸರನ್ನು ಬೆಸೆದಿದೆಯೋ ಆ ಕುಂದಕುಂದಾಚಾರ್ಯರು ತಮ್ಮ ‘ಭಾವಪಾಹುಡ’ದಲ್ಲಿ ಈತನನ್ನು ಸ್ಮರಿಸಿದ್ದಾರೆ. ಈ ಮುನಿಗೆ ಗುರುಗಳು ಎಷ್ಟು ಬೋಧಿಸಿದರೂ ಒಂದು ಗಾಥೆಯೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕಡೆಗೆ ಗುರುಗಳು, ಹೊಟ್ಟು ಬೇರೆ ಉದ್ದು ಬೇರೆ ಆಗಿರುವಂತೆ ದೇಹ ಬೇರೆ ಆತ್ಮ ಬೇರೆ ಎಂದು ಒಂದೇ ಮಾತಿನಲ್ಲಿ ತಿಳಿಸಿದರು. ಶಿವಭೂತಿಗೆ ಅದರಲ್ಲಿ ಉಳಿದದ್ದು ‘ತುಷ, ಮಾಷ’ ಎಂಬ ಎರಡು ಪದಗಳು ಮಾತ್ರ. ಅದನ್ನೇ ಆತ ಉರುಹಾಕುತ್ತ ಹೋದನು. ಒಂದು ದಿನ ದಾರಿಯಲ್ಲಿ ಹೆಣ್ಣುಮಗಳೊಬ್ಬಳು ಉದ್ದಿನ ಬೇಳೆಯನ್ನು ತೊಳೆದು ಸಿಪ್ಪೆಯನ್ನು ಬೇರ್ಪಡಿಸುತ್ತಿರುವುದನ್ನು ಕಂಡಾಗ ಗುರುವಾಕ್ಯದ ಅರ್ಥ ಆತನಿಗೆ ಹೊಳೆಯಿತು. ಭಾವವು ಶುದ್ಧವಾಗಿದ್ದುದರಿಂದ ಕೇವಲಜ್ಞಾನವು ಪ್ರಾಪ್ತವಾಯಿತು.

ಶ್ವೇತಾಂಬರ ಪರಂಪರೆಯಲ್ಲಿ ಇದೇ ಕಥೆ ‘ಮಾಷತುಷ ಮುನಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿ ಗುರುಗಳು ಕೊಟ್ಟ ಪಾಠ, ಕೋಪಿಸಬೇಡ, ಹಿಗ್ಗಬೇಡ ಎಂಬುದು. ಅದು ಶಿಷ್ಯನ ಬಾಯಲ್ಲಿ ‘ಮಾಷತುಷ’ವಾಗಿ ತೊದಲಿತು. ಕೇಳಿದ ಜನ ನಕ್ಕರು. ಆತ ಕೋಪಿಸಲೂ ಇಲ್ಲ, ಕುಗ್ಗಲೂ ಇಲ್ಲ. ಹನ್ನೆರಡು ವರ್ಷಗಳ ಕಾಲ ತಪ್ಪಾಗಿ ಉಚ್ಚರಿಸಿದ ಆ ಪಾಠವನ್ನು ಸರಿಯಾಗಿ ಬದುಕಿದನು. ಬೌದ್ಧರಲ್ಲಿಯೂ ಚೂಳಪಂಥಕನೆಂಬ ಭಿಕ್ಷುವಿನ ಕಥೆ ಇದನ್ನೇ ಹೋಲುತ್ತದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಕಲಿಯಲಾರದ ಆತನನ್ನು ಸ್ವಂತ ಅಣ್ಣನೇ ವಿಹಾರದಿಂದ ಹೊರಡಿಸಲು ಹೊರಟಾಗ, ಬುದ್ಧನು ತಡೆದು ಆತನ ಕೈಗೆ ಶುಭ್ರವಾದ ಬಟ್ಟೆಯ ತುಂಡೊಂದನ್ನು ಕೊಟ್ಟು ಸಾಧನೆಯ ದಾರಿ ತೋರಿದನು. ಶ್ರಮಣ ಪರಂಪರೆಯ ಎರಡೂ ಶಾಖೆಗಳು ಮಂದಮತಿಯ ಶಿಷ್ಯನನ್ನು ಮರೆಯದೆ ನೆನೆದಿರುವುದು ಗಮನಾರ್ಹ.

ಈ ಕಥೆಯನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕರು ವಿರಳ. ಆದರೆ ಸಾಮಾನ್ಯವಾಗಿ ಕಥೆಯ ಕೊನೆಯ ಮೇಲೆಯೇ ಎಲ್ಲರ ದೃಷ್ಟಿ. ಆತನಿಗೆ ಕೇವಲಜ್ಞಾನವಾಯಿತಲ್ಲ ಎಂಬುದೇ ಸಂತೋಷ. ಅದಕ್ಕೂ ಮುಂಚಿನ ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಆ ವರ್ಷಗಳಲ್ಲಿ ಈತ ಮುಂದೆ ಏನಾಗುವನೆಂದು ಸಂಘದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದುದು, ಈತನಿಗೆ ಪಾಠ ಹತ್ತುವುದಿಲ್ಲ ಎಂಬುದಷ್ಟೆ. ಹೀಗಿದ್ದರೂ ಗುರುಗಳು ಆತನನ್ನು ಹೊರಗೆ ಹಾಕಲಿಲ್ಲ. ಪಾಠವನ್ನೇ ಆತನ ಅಳತೆಗೆ ಕಿರಿದುಗೊಳಿಸಿದರು. ಶಿವಭೂತಿಯ ಮಹಿಮೆಯಷ್ಟೇ ಆತನನ್ನು ಉಳಿಸಿಕೊಂಡ ಸಂಘದ ಮಹಿಮೆಯೂ ದೊಡ್ಡದು. ಕೇವಲಜ್ಞಾನ ದೊರೆಯದೇ ಹೋಗಿದ್ದರೂ ಆ ಸಂಘದ ಧರ್ಮಕ್ಕೆ ಕುಂದು ಬರುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಬುದ್ಧಿಮಾಂದ್ಯವು ಜ್ಞಾನಾವರಣೀಯ ಕರ್ಮದ ಫಲವಲ್ಲವೇ, ಪೂರ್ವಜನ್ಮದ ಪಾಪವನ್ನು ಆ ಜೀವವೇ ಅನುಭವಿಸಬೇಕಲ್ಲವೇ ಎಂದು ಕೆಲವರು ಹೇಳುವುದುಂಟು. ಈ ಮಾತಿನ ಭಾರವನ್ನು ಹೊತ್ತ ತಂದೆತಾಯಿಗಳು ಮಗುವನ್ನು ಬಸದಿಗೆ ಕರೆತರಲು ಅಳುಕುತ್ತಾರೆ; ಮದುವೆ ಮುಂಜಿಗಳಲ್ಲಿ ಒಳಕೋಣೆಯಲ್ಲಿರಿಸುತ್ತಾರೆ; ಇತರ ಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಇಂಥದೊಂದು ಮಗು ಇದೆಯೆಂಬುದನ್ನೇ ಹೇಳುವುದಿಲ್ಲ. ಕರ್ಮಸಿದ್ಧಾಂತದ ಇಂತಹ ಬಳಕೆ ಶಾಸ್ತ್ರಸಮ್ಮತವೇ?

ಜ್ಞಾನಾವರಣೀಯವು ಕೇವಲಿಗಳನ್ನುಳಿದು ಸಂಸಾರಿ ಜೀವರೆಲ್ಲರಿಗೂ ಇರುವುದೇ. ಪಂಡಿತನಿಗೂ ಅದು ಇದೆ, ಪಾಮರನಿಗೂ ಇದೆ. ತೆರೆ ದಪ್ಪವೋ ತೆಳುವೋ ಎಂಬಷ್ಟೇ ವ್ಯತ್ಯಾಸ. ತೆರೆಯ ಹಿಂದಿನ ಆತ್ಮದ ಅನಂತಜ್ಞಾನ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ಇನ್ನೂ ಮುಖ್ಯವಾದ ಸಂಗತಿ ‘ತತ್ತ್ವಾರ್ಥಸೂತ್ರ’ದ 6ನೆಯ ಅಧ್ಯಾಯದಲ್ಲಿದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಅಲ್ಲಿ ಹೇಳಿರುವ ಕಾರಣಗಳಲ್ಲಿ ಬಲ್ಲುದನ್ನು ಬಚ್ಚಿಡುವುದು, ಮಾತ್ಸರ್ಯ, ಇನ್ನೊಬ್ಬರ ಕಲಿಕೆಗೆ ಅಂತರಾಯ ಒಡ್ಡುವುದು ಇವೂ ಸೇರಿವೆ. ನಿಧಾನವಾಗಿ ಕಲಿಯುವ ಮಗುವನ್ನು ಪಾಠಶಾಲೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವವನು ಆ ಮಗುವಿನ ಹಳೆಯ ಕರ್ಮದ ಲೆಕ್ಕ ನೋಡುತ್ತ ತನ್ನ ಖಾತೆಯಲ್ಲಿ ಹೊಸ ಕರ್ಮವನ್ನು ಬರೆದುಕೊಳ್ಳುತ್ತಾನೆ. ಲೆಕ್ಕಪತ್ರ ಬಲ್ಲ ವರ್ತಕ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಉದಾಹರಣೆಯಾಗಿ ನಿಲ್ಲುವವನು ಉದ್ದಾಯನ ರಾಜ. ರೋಗಪೀಡಿತ ಮುನಿಯ ವಾಂತಿಯನ್ನೂ ಹೇಸದೆ ತೊಳೆದು ಸೇವೆ ಮಾಡಿದವನೀತ. ಬಾಯಿಂದ ಜೊಲ್ಲು ಸುರಿಸುವ ಬಾಲಕನನ್ನು ಕಂಡು ಪಂಕ್ತಿಯಿಂದ ಎದ್ದುಹೋಗುವ ಶ್ರಾವಕನು ಈ ಒಂದು ಅಂಗವನ್ನು ಕಳೆದುಕೊಂಡಂತೆಯೇ ಸರಿ.

ತರೀಕೆರೆ ತಾಲ್ಲೂಕಿನ ಅಮೃತಾಪುರವೂ ಈ ವಿಚಾರಕ್ಕೆ ನೆರವಾಗುತ್ತದೆ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಲ್ಲಿನ ದೇವಾಲಯದ ಶಾಸನವನ್ನು ರಚಿಸಿದವನು ಜೈನ ಕವಿ ಜನ್ನ. ಆತನೇ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದನು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಿಂದಲೇ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದ ಕಥೆಯದು. ರಕ್ತ ಹರಿಯದಿದ್ದರೂ ಹಿಂಸೆ ಹಿಂಸೆಯೇ ಎಂಬುದು ಅದರ ತಾತ್ಪರ್ಯ. ಹಾಗಾದರೆ ‘ಪೆದ್ದ’, ‘ಹುಚ್ಚ’, ‘ಅರೆಬುದ್ಧಿ’ ಎಂದು ಕೂಗಿ ನಗುವುದು ಏನು? ಹೊಡೆಯದೆ, ಬಡಿಯದೆ, ಮಾತಿನಿಂದಲೇ ಒಂದು ಜೀವವನ್ನು ದಿನವೂ ನೋಯಿಸುವುದು ಹಿಂಸೆಯಲ್ಲದೆ ಮತ್ತೇನು? ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸಿ ಇಡುವವರು ಇದನ್ನು ಯೋಚಿಸಬೇಕು.

ಇನ್ನು ಲೋಕದ ಇತಿಹಾಸವನ್ನು ನೋಡೋಣ. ಬೆಲ್ಜಿಯಂ ದೇಶದ ಗೀಲ್ ಎಂಬ ಪಟ್ಟಣದಲ್ಲಿ ಸುಮಾರು 13ನೆಯ ಶತಮಾನದಿಂದಲೂ ಒಂದು ಪದ್ಧತಿ ನಡೆದುಬಂದಿದೆ. ಸಂತ ಡಿಂಫ್ನಾಳ ಕ್ಷೇತ್ರಕ್ಕೆ ಹರಕೆ ಹೊತ್ತು ಬಂದ ಮನೋರೋಗಿಗಳಿಗೂ ಮಂದಬುದ್ಧಿಯವರಿಗೂ ಚರ್ಚಿನಲ್ಲಿ ಸ್ಥಳ ಸಾಲದಾದಾಗ ಊರಿನ ರೈತರು ತಮ್ಮ ಮನೆಗಳಲ್ಲಿಯೇ ಇರಿಸಿಕೊಂಡರು. ಅವರನ್ನು ರೋಗಿಗಳೆಂದು ಕರೆಯದೆ ಮನೆಯಲ್ಲಿ ಉಂಡಿರುವವರೆಂದೇ ಕರೆದರು. ಹೊಲದ ಕೆಲಸ, ಮಗುವಿನ ಲಾಲನೆ, ಹಬ್ಬದ ಊಟ ಎಲ್ಲದರಲ್ಲಿಯೂ ಸೇರಿಸಿಕೊಂಡರು. 1930ರ ದಶಕದ ಕೊನೆಯಲ್ಲಿ ಹೀಗೆ ಮನೆಗಳಲ್ಲಿದ್ದವರ ಸಂಖ್ಯೆ 3,700ನ್ನು ಮೀರಿತ್ತು. ಈಗ ಆ ಸಂಖ್ಯೆ ಬಹಳ ಇಳಿದಿದೆಯಾದರೂ ಪದ್ಧತಿ ಅಳಿದಿಲ್ಲ. 2023ರಲ್ಲಿ ಯುನೆಸ್ಕೊ ಇದನ್ನು ಸಂರಕ್ಷಣೆಯ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿಯೂ ಇಂತಹ ಯತ್ನಗಳು ನಡೆದಿವೆ. 1964ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ‘ಲಾರ್ಶ್’ ಸಂಸ್ಥೆಯ ಭಾರತದ ಮೊದಲ ಮನೆ ‘ಆಶಾ ನಿಕೇತನ’ವು 1970ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಬೌದ್ಧಿಕ ವೈಕಲ್ಯವುಳ್ಳವರೂ ಇಲ್ಲದವರೂ ಒಂದೇ ಸೂರಿನಡಿ ಒಟ್ಟಿಗೆ ಬಾಳುವುದು ಅದರ ಕ್ರಮ. ಹುಟ್ಟುಹಬ್ಬಗಳೂ ಪರ್ವಗಳೂ ಅಲ್ಲಿ ಎಲ್ಲರಿಗೂ ಸೇರಿದವು. ಆದರೆ ಇದೇ ಸಂಸ್ಥೆ ನಡೆಸಿದ ತನಿಖೆಯಿಂದ, ಸ್ಥಾಪಕರಾದ ಜಾನ್ ವಾನಿಯೆ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂಬುದು ಅವರ ಮರಣಾನಂತರ 2020ರಲ್ಲಿ ಬಯಲಾಯಿತು. ಸೇವೆಯ ಹೆಸರು ಎಷ್ಟೇ ದೊಡ್ಡದಿರಲಿ, ಯಾವ ವ್ಯಕ್ತಿಯನ್ನೂ ಪ್ರಶ್ನಾತೀತನನ್ನಾಗಿ ಮಾಡಬಾರದೆಂಬ ಪಾಠ ಇದರಲ್ಲಿದೆ. ದೇವಾಲಯದ ಟ್ರಸ್ಟುಗಳೂ ಇದನ್ನು ಮನಗಾಣಬೇಕು.

ಕಾನೂನಿನ ಇತಿಹಾಸವೂ ಬೋಧಪ್ರದವಾಗಿದೆ. 1912ರ ಭಾರತೀಯ ಲೂನಸಿ ಕಾಯಿದೆಯು ಜನ್ಮತಃ ಬುದ್ಧಿ ಬೆಳೆಯದವರನ್ನೂ ಮನೋರೋಗಿಗಳನ್ನೂ ಒಂದೇ ಮಾತಿನಲ್ಲಿ ಹುಚ್ಚರೆಂದು ಸೇರಿಸಿಬಿಟ್ಟಿತ್ತು. ಬ್ರಿಟಿಷ್ ಭಾರತದಲ್ಲಿ 1928ರಲ್ಲಿ ಬಂದ ಹಿಂದೂ ವಾರಸುದಾರಿಕೆಯ ಕಾಯಿದೆಯು ಕುರುಡು, ಕಿವುಡು ಮುಂತಾದ ಕಾರಣಗಳಿಂದ ಆಸ್ತಿಯ ಹಕ್ಕು ತಪ್ಪಬಾರದೆಂದು ಹೇಳಿದರೂ, ಹುಟ್ಟಿನಿಂದ ಬುದ್ಧಿಹೀನರಾದವರನ್ನು ಮಾತ್ರ ಹೊರಗೇ ಬಿಟ್ಟಿತು. ಆ ಬಾಗಿಲನ್ನು ತೆರೆದದ್ದು ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ರೋಗ, ನ್ಯೂನತೆ, ಅಂಗವಿಕಾರಗಳ ಕಾರಣದಿಂದ ಯಾರೂ ವಾರಸಿಗೆ ಅನರ್ಹರಾಗುವುದಿಲ್ಲವೆಂದು ಅದರ 28ನೆಯ ಕಲಮು ಸ್ಪಷ್ಟಪಡಿಸಿತು. 1995ರ ವಿಕಲಾಂಗರ ಕಾಯಿದೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇವು ಆ ದಾರಿಯ ಮುಂದಿನ ಮೈಲಿಗಲ್ಲುಗಳು. 2011ರ ಜನಗಣತಿಯಲ್ಲಿ ದೇಶದಲ್ಲಿ ಬುದ್ಧಿಮಾಂದ್ಯರೆಂದು ಬರೆಯಿಸಿದವರ ಸಂಖ್ಯೆಯೇ 15 ಲಕ್ಷವನ್ನು ಮೀರಿತ್ತು.

ಹೀಗಿದ್ದರೂ ಕಾನೂನು ಕೊಟ್ಟ ಹಕ್ಕನ್ನು ಮನೆಯೇ ಕಸಿದುಕೊಳ್ಳುವುದುಂಟು. ವಿಭಾಗಪತ್ರ ಬರೆಯುವ ದಿನ ಅಂಗಡಿ ಒಬ್ಬ ತಮ್ಮನಿಗೆ, ತೋಟ ಒಬ್ಬ ಅಣ್ಣನಿಗೆ ಎಂದು ಹಂಚಿ, ಏನೂ ಅರಿಯದ ಸೋದರನನ್ನು ‘ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ತಾಯಿ ಇರುವತನಕ ಆ ಸಾಲಿಗೆ ಜೀವವಿರುತ್ತದೆ. ತಾಯಿ ಕಣ್ಣು ಮುಚ್ಚಿದ ಮೇಲೆ ಆತ ಯಾರ ಮನೆಯ ಜಗುಲಿಯಲ್ಲಿ ಕೂರಬೇಕು? ಮಾತನಾಡಲಾರದವನ ಪಾಲನ್ನು ತೆಗೆದುಕೊಳ್ಳುವುದು ಅಚೌರ್ಯ ವ್ರತದ ಭಂಗವೆಂಬುದರಲ್ಲಿ ಸಂದೇಹವಿಲ್ಲ. ಪಾಲನ್ನು ಆತನ ಹೆಸರಿನಲ್ಲಿಯೇ ಬರೆದು, ಅವಶ್ಯಕವಾದಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳುವುದು ಯೋಗ್ಯವಾದ ಮಾರ್ಗ.

ಜೈನ ಶ್ರಾವಕರಿಗೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ವಿಹಿತವಾಗಿವೆ. ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ ಇವನ್ನು ಈ ಮಕ್ಕಳತ್ತ ತಿರುಗಿಸಲು ದೊಡ್ಡ ಕಟ್ಟಡವೇನೂ ಬೇಕಾಗಿಲ್ಲ. ಪರ್ವದ ಪಂಕ್ತಿಯಲ್ಲಿ ಕರೆದು ಕೂರಿಸುವುದು ಆಹಾರದಾನ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಗೂ ಅಂಗವೈಕಲ್ಯದ ಗುರುತಿನ ಚೀಟಿಗೂ ಅರ್ಜಿ ತುಂಬಿಕೊಡುವುದು ಔಷಧದಾನ. ಪಾಠಶಾಲೆಯಲ್ಲಿ ಪಂಚನಮಸ್ಕಾರದ ಒಂದೇ ಒಂದು ಪದವನ್ನು ನೂರು ಸಲ ಬೇಸರಿಸದೆ ಹೇಳಿಕೊಡುವುದು ಶಾಸ್ತ್ರದಾನ. ನಮ್ಮ ನಂತರ ಈ ಮಗುವಿನ ಗತಿಯೇನು ಎಂಬ ತಂದೆತಾಯಿಗಳ ಭಯವನ್ನು ನೀಗುವುದು ಅಭಯದಾನ. ನಾಲ್ಕರಲ್ಲಿ ಇದೇ ಕಠಿಣವಾದುದು. ಕೊಬ್ಬರಿಯ ಮಂಡಿಯಲ್ಲಿ, ಅಡಿಕೆ ಆರಿಸುವ ಅಂಗಳದಲ್ಲಿ, ಈರುಳ್ಳಿ ತುಂಬುವ ಗೋದಾಮಿನಲ್ಲಿ ಬುದ್ಧಿಗಿಂತ ತಾಳ್ಮೆ ಬೇಡುವ ಕೆಲಸಗಳು ಬೇಕಾದಷ್ಟಿವೆ. ಅವಕ್ಕೆ ಇವರನ್ನು ಕರೆದು, ದುಡಿಮೆಗೆ ಸರಿಯಾದ ಕೂಲಿ ಕೊಡುವುದು ದಾನವಲ್ಲ, ನ್ಯಾಯ.

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವು ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಿಂದ ಮೊದಲಾದ ರಾಸುಗಳ ಪರಂಪರೆಯನ್ನು ಇಂದಿಗೂ ಕಾಯುತ್ತಿದೆ. ಜೈನ ಸಮಾಜವೂ ಮುದಿಗೋವುಗಳಿಗಾಗಿ ಪಾಂಜರಪೋಳಗಳನ್ನು ಕಟ್ಟಿ ಕೀರ್ತಿ ಪಡೆದಿದೆ. ಮೂಕ ಪ್ರಾಣಿಯನ್ನು ಕಾಯಬಲ್ಲ ಸಮಾಜವು, ಹೆಸರು ಹಿಡಿದು ಕರೆದರೆ ನಕ್ಕು ಓಡಿಬರುವ ತನ್ನದೇ ಮಗುವಿಗೆ ಬಸದಿಯ ಅಂಗಳದಲ್ಲಿ ಜಾಗ ಮಾಡಿಕೊಡದಿದ್ದರೆ ಆ ದಯೆ ಪೂರ್ಣವಾಗುವುದಿಲ್ಲ.

ಜೀವರು ಒಬ್ಬರಿಗೊಬ್ಬರು ಉಪಕಾರಿಗಳೆಂಬ ಸೂತ್ರಾರ್ಥವನ್ನು 1974ರಲ್ಲಿ, ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ, ಸಮಸ್ತ ಜೈನರು ತಮ್ಮ ಲಾಂಛನದಲ್ಲಿ ಸ್ವೀಕರಿಸಿದರು. ಉಪಕಾರವೆಂಬುದು ಬುದ್ಧಿವಂತರಿಂದ ಮಂದಮತಿಗಳತ್ತ ಮಾತ್ರ ಹರಿಯುವುದಲ್ಲ. ಕೋಪಿಸದೆ, ಹಿಗ್ಗದೆ ಬಾಳುವುದನ್ನು ಮಾಷತುಷ ಮುನಿಯು ತನ್ನನ್ನು ನೋಡಿ ನಕ್ಕವರಿಗೇ ಕಲಿಸಿಕೊಟ್ಟನು. ಬರುವ ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಕಲಶ ಹಿಡಿಯುವ ಮಕ್ಕಳ ಸಾಲಿನಲ್ಲಿ ಅಂತಹ ಒಂದು ಮಗುವೂ ಇರಲಿ. ಅದರ ಹೆಜ್ಜೆಗೆ ತಕ್ಕಂತೆ ಮೆರವಣಿಗೆ ತುಸು ನಿಧಾನವಾಗಿ ನಡೆಯಲಿ.